ನಂಬರ್ ಸಾಕು, ತಾರೀಖು ಹಾಕಿ

ಎಂಐಟಿ ಲೈಸೆನ್ಸ್ ಗೊತ್ತಲ್ಲ? ಸಾಫ್ಟ್‌ವೇರ್ ಕೆಲಸದಲ್ಲಿರುವವರು ವಾರಕ್ಕೆ ಹತ್ತು ಸಲ ಅದರ ಹೆಸರು ನೋಡಿರುತ್ತೀರಿ, ಒಂದು ಸಲವೂ ಪೂರ್ತಿ ಓದಿರುವುದಿಲ್ಲ. ಒಂದು ಪುಟವೂ ತುಂಬದ ಬರಹ ಅದು. ಅದರ ಕೊನೇ ಪ್ಯಾರಾ ಪೂರ್ತಿ ಇಂಗ್ಲಿಷಿನ ದೊಡ್ಡಕ್ಷರದಲ್ಲಿದೆ. ಓದಿದರೆ ಯಾರೋ ಜಾತ್ರೆಯಲ್ಲಿ ಮೈಕ್ ಹಿಡಿದು ಕೂಗಿದ ಹಾಗಿರುತ್ತೆ. ಕೂಗುತ್ತಿರುವುದು ಇಷ್ಟೇ: ಇದು ಹೇಗಿದೆಯೋ ಹಾಗೇ ಕೊಟ್ಟಿದ್ದೇವೆ, ಯಾವ ಗ್ಯಾರಂಟಿಯೂ ಇಲ್ಲ, ಏನಾದರೂ ಹಾಳಾದರೆ ನಮ್ಮನ್ನು ಕೇಳಬೇಡಿ. ಜಿಪಿಎಲ್‌ನಲ್ಲೂ ಇದೇ ಮಾತು, ಇದೇ ದೊಡ್ಡಕ್ಷರದಲ್ಲಿ ಇದೆ. ಇದರ ಬಗ್ಗೆ ನನಗೆ ತಕರಾರಿಲ್ಲ. ಸಂಬಳವಿಲ್ಲದೆ ಶನಿವಾರ ಭಾನುವಾರ ಕೂತು ಬರೆದು ಊರಿಗೆಲ್ಲ ಹಂಚಿದವನು ಹೀಗೆ ಹೇಳೋದು ನ್ಯಾಯವೇ.

ನನ್ನ ತಕರಾರು ಇರೋದು ಆಮೇಲಿನ ಕೆಲಸದ ಬಗ್ಗೆ. ಅದೇ ಮನುಷ್ಯ, ಅದೇ ಫೋಲ್ಡರಿನಲ್ಲಿ, ಇನ್ನೊಂದು ಫೈಲ್ ತೆಗೆದು 2.4.1 ಅಂತ ಬರೀತಾನೆ. ಈಗಿನ ರೂಢಿಯಲ್ಲಿ ಆ ಮೂರು ಅಂಕಿಯ ಅರ್ಥ ಏನು ಗೊತ್ತಾ? ಕೊನೆಯದು ಮಾತ್ರ ಬದಲಾದರೆ ಸಣ್ಣ ರಿಪೇರಿ, ಕಣ್ಣು ಮುಚ್ಚಿ ಹಾಕಿಕೊಳ್ಳಿ. ನಡುವಿನದು ಬದಲಾದರೆ ಹೊಸದೇನೋ ಸೇರಿದೆ, ಹಳೆಯದಕ್ಕೇನೂ ಆಗಿಲ್ಲ. ಮೊದಲಿನದು ಬದಲಾದರೆ ಹುಷಾರು, ನಿಮ್ಮ ಕೋಡ್ ಒಡೆಯಬಹುದು. ಇದಕ್ಕೆ ಸೆಮ್ಯಾಂಟಿಕ್ ವರ್ಷನಿಂಗ್ ಅಂತ ಹೆಸರು, ಪ್ರೀತಿಯಿಂದ ಸೆಮ್‌ವರ್. ಗಿಟ್‌ಹಬ್ ಕಟ್ಟಿದವರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್ ವರ್ನರ್ ಬರೆದ ನಿಯಮಾವಳಿ. ಅಂದರೆ ಲೈಸೆನ್ಸ್ ಫೈಲು 'ಗ್ಯಾರಂಟಿ ಇಲ್ಲ' ಅಂತ ಕಿರುಚುತ್ತಿರುವಾಗ, ಪಕ್ಕದ ಫೈಲು 'ಭಯಪಡಬೇಡಿ, ನಿಮಗೇನೂ ಆಗಲ್ಲ' ಅಂತ ಪಿಸುಗುಡುತ್ತಿರುತ್ತೆ. ಕಂಪನಿಗಳು ನಂಬೋದು ಯಾವುದನ್ನ? ಪಿಸುಮಾತನ್ನ. ಒಡೆದ ದಿನ ಬೈಗುಳ ಬೀಳೋದು ಯಾರಿಗೆ? ಆ ಶನಿವಾರ ಭಾನುವಾರದವನಿಗೆ.

ಕೊಡೋಕಾಗದ ಮಾತನ್ನ ನಂಬರಿನೊಳಗೆ ಬಚ್ಚಿಟ್ಟು ಕೊಡಬೇಡಿ ಅಂತ ನನ್ನ ವಾದ. ಒಂದು ರಿಲೀಸ್ ಮಾಡುವಾಗ ಬರೆದವನಿಗೆ ನೂರಕ್ಕೆ ನೂರು ಗೊತ್ತಿರೋದು ಒಂದೇ ಸಂಗತಿ, ಇವತ್ತು ಯಾವ ತಾರೀಖು ಅನ್ನೋದು. ಅದನ್ನ ಬರೀರಿ.

(ಫ್ರೀ ಅಂದ್ರೆ ಸ್ವಾತಂತ್ರ್ಯ, ಪುಕ್ಕಟೆ ಅಲ್ಲ ಅಂತ ತಿದ್ದೋಕೆ ಹೊರಟವರು ದಯವಿಟ್ಟು ಕೂತ್ಕೊಳ್ಳಿ. ಗೊತ್ತು. ಇಲ್ಲಿ ಎರಡೂ ಅರ್ಥ ಬೇಕು.)

ಮೊದಲು ಚುಕ್ಕೆಯ ವಿಷಯ ಮುಗಿಸಿಬಿಡೋಣ, ಯಾಕಂದ್ರೆ ಅರ್ಧ ಗೊಂದಲ ಅಲ್ಲೇ ಇದೆ. ವರ್ಷನ್ ನಂಬರಿನ ಚುಕ್ಕೆ ಗಣಿತದ ಮೇಷ್ಟ್ರು ಹೇಳಿಕೊಟ್ಟ ದಶಮಾಂಶದ ಚುಕ್ಕೆ ಅಲ್ಲ. 3.9 ಆದಮೇಲೆ 3.10 ಬರುತ್ತೆ, 4.0 ಅಲ್ಲ. 2021ರ ಅಕ್ಟೋಬರಿನಲ್ಲಿ ಪೈಥಾನ್ 3.10 ಬಂದಾಗ ಎಷ್ಟೋ ಸ್ಕ್ರಿಪ್ಟುಗಳು ನಂಬರಿನ ಮೊದಲ ಮೂರು ಅಕ್ಷರ ಮಾತ್ರ ಕಿತ್ತುಕೊಂಡು ಅದನ್ನ 3.1 ಅಂತ ಓದಿದವು. ಯಾಮಲ್ ಫೈಲಿನಲ್ಲಿ ಕೊಟೇಶನ್ ಹಾಕದೆ 3.10 ಅಂತ ಬರೆದರೆ ಅದು ದಶಮಾಂಶ ಸಂಖ್ಯೆಯಾಗಿ, ಕೊನೆಯ ಸೊನ್ನೆ ಉದುರಿ, ಬಿಲ್ಡ್ ಸರ್ವರ್ 2009ರ ಪೈಥಾನ್ 3.1 ಹುಡುಕಿಕೊಂಡು ಹೊರಟಿತು. ಇದು ಕಂಪ್ಯೂಟರ್ ಓದಿದ ಕಥೆ. ಮನುಷ್ಯರು ಇದಕ್ಕಿಂತ ಚೆನ್ನಾಗೇನೂ ಓದಲ್ಲ. '3.9ರಲ್ಲೇ ಇದೀವಲ್ಲ, 3.10ಕ್ಕೆ ಯಾಕೆ ಹಿಂದಕ್ಕೆ ಹೋಗ್ಬೇಕು?' ಅಂತ ಕೇಳಿದ ಮ್ಯಾನೇಜರನ್ನ ನಾನು ಕಣ್ಣಾರೆ ಕಂಡಿದ್ದೇನೆ.

ಹಳ್ಳಿಯಲ್ಲಿ ಪಹಣಿ ನೋಡಿ ಬೆಳೆದವರಿಗೆ ಇದು ತಾನಾಗೇ ಅರ್ಥವಾಗುತ್ತೆ. ಸರ್ವೆ ನಂಬರ್ 45/1, 45/2, ಹಾಗೇ ಹಿಸ್ಸೆಯಾಗುತ್ತಾ 45/9, ಆಮೇಲೆ 45/10. ಈ 45/10 ಅನ್ನೋದು 45/1 ಅಂತ ಯಾವ ಶಾನುಭೋಗರೂ ಓದಿಲ್ಲ, ಯಾವ ವಿಲೇಜ್ ಅಕೌಂಟೆಂಟೂ ಓದಿಲ್ಲ. ಓದಿದ್ದರೆ ತಲೆಗಳು ಉರುಳುತ್ತಿದ್ದವು. ಅಲ್ಲಿ ಓರೆಗೆರೆ ಇದೆ, ಗೊಂದಲವಿಲ್ಲ. ನಾವು ಸಾಫ್ಟ್‌ವೇರಿನವರು ಇರೋ ಚಿಹ್ನೆಗಳಲ್ಲೆಲ್ಲ ಹುಡುಕಿ, ಈಗಾಗಲೇ ಬೇರೆ ಅರ್ಥ ಇರೋ ಚುಕ್ಕೆಯನ್ನೇ ಆರಿಸಿಕೊಂಡೆವು.

ಇರಲಿ. ಸೆಮ್‌ವರ್‌ಗೆ ಬರೋಣ, ಯಾಕಂದ್ರೆ ಇವತ್ತು ಹೊಸ ಪ್ರಾಜೆಕ್ಟ್ ಶುರು ಮಾಡುವ ಯಾವ ಹುಡುಗನನ್ನ ಕೇಳಿದರೂ ಬೇರೆ ದಾರಿಯೇ ಇಲ್ಲ ಅನ್ನೋ ಹಾಗೆ ಮಾತಾಡ್ತಾನೆ.

ಪೈಥಾನಿನಲ್ಲಿ ಕ್ರಿಪ್ಟೋಗ್ರಫಿ ಅಂತ ಒಂದು ಲೈಬ್ರರಿ ಇದೆ. ನಿಮಗೆ ಗೊತ್ತಿಲ್ಲದೆಯೂ ನೀವು ಅದನ್ನ ಬಳಸುತ್ತಿರುತ್ತೀರಿ, ಬೇರೆ ನೂರಾರು ಲೈಬ್ರರಿಗಳು ಅದರ ಮೇಲೆ ಕೂತಿವೆ. 2021ರ ಫೆಬ್ರವರಿಯಲ್ಲಿ ಅದರ 3.4 ಬಂತು. ಒಳಗಡೆ ಸ್ವಲ್ಪ ಭಾಗವನ್ನ ರಸ್ಟ್ ಭಾಷೆಗೆ ಬದಲಾಯಿಸಲು ಶುರು ಮಾಡಿದ್ದರು. ಒಳ್ಳೇ ಉದ್ದೇಶ, ಸುರಕ್ಷತೆಯ ಕೋಡನ್ನ ಸಿ ಭಾಷೆಯಲ್ಲಿ ಬರೆದು ಕೈ ಸುಟ್ಟುಕೊಂಡವರು ಬಹಳ ಜನ ಇದ್ದಾರೆ. ಹೊರಗಿನಿಂದ ಕರೆಯುವ ಫಂಕ್ಷನ್‌ಗಳು ಹಾಗೇ ಇದ್ದವು. ಸೆಮ್‌ವರ್ ಲೆಕ್ಕದಲ್ಲಿ ನೋಡಿದರೂ ಎಪಿಐ ಮುರಿದಿಲ್ಲ, ಹಾಗಾಗಿ ಮೊದಲ ಅಂಕಿ ಬದಲಿಸುವ ಅಗತ್ಯವಿಲ್ಲ. ಆದರೆ ಆಲ್ಪೈನ್ ಲಿನಕ್ಸಿನ ಮೇಲೆ ಕಂಟೇನರ್ ಕಟ್ಟುತ್ತಿದ್ದವರಿಗೆ, ಎಲ್ಲವನ್ನೂ ಸೋರ್ಸಿನಿಂದಲೇ ಕಂಪೈಲ್ ಮಾಡುವ ಜೆಂಟೂನವರಿಗೆ, ರಸ್ಟ್ ಕಂಪೈಲರ್ ಇನ್ನೂ ತಲುಪದ ಹಳೇ ಪ್ರೊಸೆಸರುಗಳವರಿಗೆ ಬೆಳಗಾಗುವುದರೊಳಗೆ ಬಿಲ್ಡ್ ಬಿದ್ದುಹೋಯಿತು. ಎಷ್ಟು ಬೈಗುಳ ಬಂತೆಂದರೆ ಲೆಕ್ಕವಿಲ್ಲ. 'ಸಣ್ಣ ನಂಬರ್ ಹಾಕಿ ದೊಡ್ಡ ಬದಲಾವಣೆ ತುರುಕಿದ್ದೀರಿ' ಅನ್ನೋದು ಆರೋಪ. 'ನಾವು ಸೆಮ್‌ವರ್ ಪಾಲಿಸ್ತೀವಿ ಅಂತ ಯಾವತ್ತೂ ಹೇಳಿರಲೇ ಇಲ್ಲವಲ್ಲ' ಅನ್ನೋದು ಅವರ ಉತ್ತರ. ಅದು ನಿಜವೂ ಹೌದು, ಅವರದು ಬೇರೆಯೇ ಪದ್ಧತಿ. ಆದರೆ ಚುಕ್ಕೆಯಿಟ್ಟ ಅಂಕಿ ನೋಡಿದ ಜನ ಸೆಮ್‌ವರ್ ಅಂತಲೇ ಓದಿಕೊಂಡರು. ಅದೇ ವರ್ಷ ಅವರು 3.4ರಿಂದ ನೇರ 35.0ಕ್ಕೆ ಹಾರಿದರು. ಒಳ್ಳೇದೇ ಮಾಡಿದರು.

ಇದಕ್ಕೆ ಒಂದು ಹೆಸರೇ ಇದೆ, ಹೈರಮ್ಸ್ ಲಾ. ಗೂಗಲ್‌ನಲ್ಲಿದ್ದ ಹೈರಮ್ ರೈಟ್ ಅನ್ನುವ ಎಂಜಿನಿಯರ್ ಗಮನಿಸಿದ್ದು. ಬಳಸುವವರು ಸಾಕಷ್ಟು ಜನ ಆದರೆ, ನೀವು ಒಪ್ಪಂದದಲ್ಲಿ ಏನು ಬರೆದಿದ್ದೀರಿ ಅನ್ನೋದು ಮುಖ್ಯ ಅಲ್ಲ. ನಿಮ್ಮ ಸಾಫ್ಟ್‌ವೇರಿನ ಹೊರಗೆ ಕಾಣುವ ಪ್ರತಿಯೊಂದು ನಡವಳಿಕೆಯ ಮೇಲೂ ಯಾರೋ ಒಬ್ಬರು ಆತುಕೊಂಡಿರುತ್ತಾರೆ. ಎರರ್ ಮೆಸೇಜಿನ ಸ್ಪೆಲಿಂಗ್ ತಪ್ಪು ತಿದ್ದಿ ನೋಡಿ, ಆ ತಪ್ಪು ಸ್ಪೆಲಿಂಗನ್ನೇ ಹುಡುಕುವ ಸ್ಕ್ರಿಪ್ಟ್ ಎಲ್ಲೋ ಒಂದು ಬ್ಯಾಂಕಿನಲ್ಲಿ ಓಡುತ್ತಿರುತ್ತೆ. ಹಾಗಿರುವಾಗ 'ಈ ಬದಲಾವಣೆಯಿಂದ ಯಾರಿಗೂ ಏನೂ ಆಗಲ್ಲ' ಅಂತ ಕೊನೇ ಅಂಕಿ ಮಾತ್ರ ಏರಿಸೋದು ಜ್ಯೋತಿಷ್ಯವೇ ಹೊರತು ಎಂಜಿನಿಯರಿಂಗ್ ಅಲ್ಲ.

ಇದು ಬರೀ ತಪ್ಪು ಅಂದಾಜಿನ ಮಾತಾಗಿದ್ದರೆ ಸುಮ್ಮನಿರಬಹುದಿತ್ತು. ಎನ್‌ಪಿಎಂ ಬಳಸುವವರು ನಂಬರಿನ ಹಿಂದೆ ಕ್ಯಾರೆಟ್ ಚಿಹ್ನೆ ಹಾಕ್ತೀರಲ್ಲ, 'ಮೊದಲ ಅಂಕಿ ಬದಲಾಗದೇ ಇರೋವರೆಗೂ ಹೊಸದು ಬಂದ ಹಾಗೆ ಎಳೆದುಕೋ' ಅಂತ? ಸೆಮ್‌ವರ್‌ನ ಪಿಸುಮಾತನ್ನ ಯಂತ್ರದ ಕೈಗೆ ಕೊಟ್ಟ ಜಾಗ ಅದು. 2022ರ ಜನವರಿಯಲ್ಲಿ ಕಲರ್ಸ್ ಅನ್ನುವ ಪುಟ್ಟ ಲೈಬ್ರರಿ 1.4.0ಯಿಂದ 1.4.1 ಆಯಿತು. ಟರ್ಮಿನಲ್ಲಿನಲ್ಲಿ ಬಣ್ಣ ಬಳಿಯೋದು ಅದರ ಕೆಲಸ. ಕೊನೇ ಅಂಕಿ ಮಾತ್ರ ಏರಿದೆ, ಅಂದರೆ ಸಣ್ಣ ರಿಪೇರಿ ಅಲ್ವಾ? ಒಳಗಿದ್ದದ್ದು ಕೊನೆಯೇ ಇಲ್ಲದ ಲೂಪು. ದೊಡ್ಡ ಕಂಪನಿಗಳು ಪುಕ್ಕಟೆಯಾಗಿ ದುಡಿಸಿಕೊಳ್ಳುತ್ತಿವೆ ಅಂತ ಸಿಟ್ಟಾಗಿದ್ದ ಲೇಖಕ ಬೇಕಂತಲೇ ಹಾಕಿದ್ದು. ಅವನ ಸಿಟ್ಟು ಸರಿಯೋ ತಪ್ಪೋ ಬೇರೆ ಮಾತು. ಆದರೆ ಅವನು ಲೈಸೆನ್ಸ್ ಮುರಿಯಲಿಲ್ಲ, ಅದರಲ್ಲಿ ಗ್ಯಾರಂಟಿ ಇಲ್ಲ ಅಂತ ದೊಡ್ಡಕ್ಷರದಲ್ಲೇ ಇತ್ತು. ಮುರಿದದ್ದು ನಂಬರಿನ ಮಾತನ್ನ. ಸಾವಿರಾರು ಬಿಲ್ಡ್ ಸರ್ವರ್‌ಗಳು ಆ ಮಾತನ್ನ ನಂಬಿ, ಮನುಷ್ಯರನ್ನ ಕೇಳದೆ, ತಾವಾಗೇ ಒಳಗೆ ಕರೆದುಕೊಂಡವು.

ಹಾಗಾದರೆ ಕೊಟ್ಟ ಮಾತು ಉಳಿಸಿಕೊಳ್ಳುವವರು ಯಾರೂ ಇಲ್ಲವಾ? ಇದ್ದಾರೆ. ಲಿನಕ್ಸ್ ಕರ್ನಲ್ಲಿನವರನ್ನ ನೋಡಿ. ಒಂದು ಕಾಲಕ್ಕೆ ಅವರದು ಭಾರೀ ಶಿಸ್ತಿನ ಪದ್ಧತಿ. ನಡುವಿನ ಅಂಕಿ ಸಮ ಇದ್ದರೆ ಸ್ಥಿರ, ಬೆಸ ಇದ್ದರೆ ಪ್ರಯೋಗ. 2.2 ಬಳಸಿ, 2.3 ಮುಟ್ಟಬೇಡಿ, 2.4 ಬಳಸಿ. ಸರಿಯಾಗೇ ಇತ್ತು, ಆದರೆ ಸ್ಥಿರದಿಂದ ಸ್ಥಿರಕ್ಕೆ ಎರಡು ಮೂರು ವರ್ಷ ಹಿಡಿಯುತ್ತಿತ್ತು. 2.4 ಬಂದದ್ದು 2001ರ ಜನವರಿಯಲ್ಲಿ, 2.6 ಬಂದದ್ದು 2003ರ ಡಿಸೆಂಬರಿನಲ್ಲಿ. ಆಮೇಲೆ ಆ ಪದ್ಧತಿಯನ್ನೇ ಬಿಟ್ಟರು. 2.6.39ರವರೆಗೆ ಎಳೆದು, 2011ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಇದ್ದಕ್ಕಿದ್ದಂತೆ 3.0 ಅಂದರು. ಏನು ಹೊಸದು? ವಿಶೇಷ ಏನಿಲ್ಲ, ನಂಬರ್ ತೀರಾ ದೊಡ್ಡದಾಯಿತು, ಲಿನಕ್ಸಿಗೆ ಇಪ್ಪತ್ತು ವರ್ಷ ಆಯಿತು, ಅಷ್ಟೇ. 3.19 ಆದಮೇಲೆ 4.0, 4.20 ಆದಮೇಲೆ 5.0, 5.19 ಆದಮೇಲೆ 6.0. ಕೇಳಿದರೆ, ಎಣಿಸೋಕೆ ಕೈಕಾಲಿನ ಬೆರಳು ಮುಗೀತು ಅನ್ನೋ ತಮಾಷೆ.

ಈಗ ಇದರ ಮಜಾ ನೋಡಿ. ಏನೂ ಬದಲಾಗಿಲ್ಲ, ಬರೀ ನಂಬರ್ ಬದಲಾಗಿದೆ ಅಂತ ಹೇಳಿ ಬಿಟ್ಟ 3.0ಗೇ ಕೆಲವು ಪ್ರೋಗ್ರಾಮುಗಳು ಬಿದ್ದುಹೋದವು. ಕರ್ನಲ್ಲಿನ ಹೆಸರು 2.6ರಿಂದಲೇ ಶುರುವಾಗಬೇಕು ಅಂತ ನಂಬಿಕೊಂಡು ಬರೆದ ಕೋಡು! ಅವಕ್ಕಾಗಿ ಕರ್ನಲ್ಲಿನೊಳಗೇ ಒಂದು ವೇಷ ಹೊಲಿಯಬೇಕಾಯಿತು. ಬೇಕೆಂದರೆ 3.0 ಕರ್ನಲ್ ತನ್ನನ್ನು ತಾನು 2.6.40 ಅಂತ ಪರಿಚಯಿಸಿಕೊಳ್ಳುತ್ತೆ, ಬಯಲಾಟದಲ್ಲಿ ಭೀಮನ ಪಾತ್ರಧಾರಿ ಬರದಿದ್ದಾಗ ಇನ್ಯಾರೋ ಗದೆ ಹಿಡಿದು ನಿಂತ ಹಾಗೆ.

ಆದರೂ ಕರ್ನಲ್ ನಂಬಿಕಸ್ಥ. ಹತ್ತು ವರ್ಷದ ಹಿಂದಿನ ಪ್ರೋಗ್ರಾಮ್ ಇವತ್ತಿನ ಕರ್ನಲ್ ಮೇಲೆ ಸಾಮಾನ್ಯವಾಗಿ ಓಡುತ್ತೆ. ಅದು ನಂಬರಿನಿಂದಾಗಿ ಅಲ್ಲ. 'ಬಳಕೆದಾರರ ಪ್ರೋಗ್ರಾಮುಗಳನ್ನ ಒಡೆಯಕೂಡದು' ಅನ್ನೋ ಒಂದು ವಾಕ್ಯದಿಂದ. ಆ ವಾಕ್ಯವನ್ನ ಲಿನಸ್ ಮೂವತ್ತು ವರ್ಷದಿಂದ ಜನರಿಗೆ ಬೈದು ಬೈದು ಉಳಿಸಿಕೊಂಡಿದ್ದಾರೆ. ಮಾತು ವಾಕ್ಯದಲ್ಲಿದೆ, ಕಾಯೋದಕ್ಕೆ ಮನುಷ್ಯರಿದ್ದಾರೆ, ನಂಬರ್ ಪಾಡಿಗೆ ನಂಬರ್ ಒಂಬತ್ತು ಹತ್ತು ವಾರಕ್ಕೊಮ್ಮೆ ಏರುತ್ತೆ. ನಿಜ ಹೇಳಬೇಕೆಂದರೆ ಅದು ಈಗಾಗಲೇ ಒಂದು ಕ್ಯಾಲೆಂಡರು, ತಿಂಗಳ ಹೆಸರು ಬರೆದಿಲ್ಲ ಅಷ್ಟೇ.

ಇನ್ನೊಂದು ಜಾತಿ ಇದೆ, ಸೊನ್ನೆಯ ಹಿಂದೆ ಬಚ್ಚಿಟ್ಟುಕೊಳ್ಳುವವರದು. ಸೆಮ್‌ವರ್‌ನಲ್ಲೇ ಒಂದು ಕಿಂಡಿ ಇದೆ: ಮೊದಲ ಅಂಕಿ ಸೊನ್ನೆ ಇರೋವರೆಗೂ ಏನು ಬೇಕಾದರೂ ಬದಲಾಗಬಹುದು. ಅಂದರೆ 0.9 ಅಂತ ಬರೆದರೆ ಯಾವ ಹಂಗೂ ಇಲ್ಲ. ವೈನ್ 1993ರಲ್ಲಿ ಶುರುವಾಗಿ 1.0 ಆಗೋಕೆ 2008ರ ತನಕ ಹದಿನೈದು ವರ್ಷ ತೆಗೆದುಕೊಂಡಿತು. ಇಂಕ್‌ಸ್ಕೇಪ್ 2003ರದು, 1.0 ಬಂದದ್ದು 2020ರಲ್ಲಿ. ಅಷ್ಟು ಹೊತ್ತಿಗೆ ಅದರಲ್ಲಿ ಲಗ್ನಪತ್ರಿಕೆ ಡಿಸೈನ್ ಮಾಡಿದವರ ಮಕ್ಕಳು ಸ್ಕೂಲಿಗೆ ಹೋಗುತ್ತಿದ್ದರು.

ನಮಗೇ ಹತ್ತಿರದ ಉದಾಹರಣೆ ಹಾರ್ಫ್‌ಬಜ್. ಕನ್ನಡದ ಒತ್ತಕ್ಷರ, ಗುಣಿತ ಎಲ್ಲ ಪರದೆಯ ಮೇಲೆ ಸರಿಯಾಗಿ ಜೋಡಿಸುವ ಲೈಬ್ರರಿ ಅದು. ಫೈರ್‌ಫಾಕ್ಸ್, ಕ್ರೋಮ್ ಎರಡೂ ಅದನ್ನ ಬಳಸುತ್ತಿದ್ದವು, ಕೋಟ್ಯಂತರ ಜನ ಅದರ ಮೂಲಕ ಓದುತ್ತಿದ್ದರು. ಅದು 1.0 ಆದದ್ದು 2015ರಲ್ಲಿ. ಅಲ್ಲಿಯವರೆಗೂ 0.9 ಅಂತ ಚುಕ್ಕೆಯ ಮೇಲೆ ಚುಕ್ಕೆ ಸೇರಿಸುತ್ತಾ ಕೂತಿತ್ತು. 'ಕ್ಷ' ಅಕ್ಷರವನ್ನ 'ಕ', ಅರ್ಧಚಂದ್ರ, 'ಷ' ಅಂತ ಬಿಡಿಬಿಡಿಯಾಗಿ ನೋಡಿದ ಕಷ್ಟದ ದಿನಗಳನ್ನ ಕಂಡವರಿಗೆ ಗೊತ್ತು, ಇದು 'ಇನ್ನೂ ಒಂದೂ ಆಗದ' ಸಾಫ್ಟ್‌ವೇರ್ ಆಗಿರಲಿಲ್ಲ. ಅವರ ಕೆಲಸಕ್ಕೆ ನಾನು ಕೈ ಮುಗೀತೀನಿ. ಆದರೆ ಲೋಕವೆಲ್ಲ ನಿಮ್ಮ ಸೇತುವೆ ಮೇಲೆ ಓಡಾಡುತ್ತಿರುವಾಗ 'ಕಾಮಗಾರಿ ಪ್ರಗತಿಯಲ್ಲಿದೆ' ಅನ್ನೋ ಬೋರ್ಡು ಯಾರಿಗೆ ಉಪಕಾರ?

ಇದರ ತದ್ವಿರುದ್ಧ ದೊಡ್ಡ ನಂಬರಿನ ಡಂಗುರ. 2008ರ ಜನವರಿಯಲ್ಲಿ ಕೆಡಿಇ 4.0 ಬಂತು. ಬರೆದವರ ಮನಸ್ಸಿನಲ್ಲಿ 4.0 ಅಂದರೆ 'ಅಡಿಪಾಯ ಗಟ್ಟಿಯಾಗಿದೆ, ಡೆವಲಪರುಗಳು ಇನ್ನು ಇದರ ಮೇಲೆ ಕಟ್ಟಬಹುದು' ಅಂತ. ಹಾಗಂತ ಹೇಳಿಯೂ ಇದ್ದರು. ಯಾರು ಕೇಳ್ತಾರೆ ಸ್ವಾಮಿ? ಜನಕ್ಕೆ 4.0 ಅಂದರೆ 3.5ಕ್ಕಿಂತ ಒಳ್ಳೇದು, ಮುಗೀತು. ಆ ವರ್ಷದ ಫೆಡೋರಾ 9 ಅದನ್ನೇ ಕೊಟ್ಟಿತು. ಹಳೇ ಸೌಲಭ್ಯ ಅರ್ಧಕ್ಕರ್ಧ ಇಲ್ಲದ ಡೆಸ್ಕ್‌ಟಾಪ್ ನೋಡಿ ಜನ ರೊಚ್ಚಿಗೆದ್ದರು, ಲಿನಸ್ ಕೂಡ ಗ್ನೋಮ್‌ಗೆ ಗಂಟುಮೂಟೆ ಕಟ್ಟಿದರು. ಒಂದೇ ನಂಬರು ಎರಡು ಗುಂಪಿಗೆ ಎರಡು ಭಾಷೆಯಲ್ಲಿ ಮಾತಾಡಿತ್ತು. ಅದೇ ಕೆಡಿಇಯವರು 2014ರ ಡಿಸೆಂಬರಿನಿಂದ ತಮ್ಮ ಅಪ್ಲಿಕೇಶನ್‌ಗಳಿಗೆ 14.12 ಅಂತ ವರ್ಷ, ತಿಂಗಳು ಹಾಕುತ್ತಾ ಬಂದಿದ್ದಾರೆ. ಪಿಎಚ್‌ಪಿ 6 ಹುಟ್ಟಲೇ ಇಲ್ಲ, ಐದಾದ ಮೇಲೆ ಏಳು. ಪರ್ಲ್ 6 ಅಂತ ಹೊಸ ಭಾಷೆಯೊಂದನ್ನ ಶುರು ಮಾಡಿ, ಆ ಹೆಸರಿನಿಂದ ಹಳೇ ಪರ್ಲ್ 5 ವರ್ಷಾನುಗಟ್ಟಲೆ 'ಇನ್ನೇನು ಸಾಯಲಿರುವ ಭಾಷೆ' ಅಂತ ಕಾಣುವ ಹಾಗಾಗಿ, ಕೊನೆಗೆ 2019ರಲ್ಲಿ ಹೊಸದಕ್ಕೆ ರಾಕು ಅಂತ ಬೇರೆಯೇ ನಾಮಕರಣ ಮಾಡಬೇಕಾಯಿತು. ಒಂದು ಅಂಕಿಯ ಕೆಲಸ ನೋಡಿ.

ಈ ಎಲ್ಲ ಜಗಳ ಬರೆಯುವವರ ನಡುವಿನದು. ನನ್ನಂಥವರ ಹೊಟ್ಟೆಗೆ ಬೀಳೋದು ಇನ್ನೊಂದು ಕಡೆ. 2014ರ ಏಪ್ರಿಲಿನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ತೂತು ಬಯಲಾಯಿತು. 1.0.1ರಿಂದ 1.0.1ಎಫ್‌ವರೆಗೂ ತೂತು, 1.0.1ಜಿ ಸರಿಪಡಿಸಿದ್ದು. ರೆಡ್ ಹ್ಯಾಟ್‌ನವರು ಹೊಸ ಆವೃತ್ತಿ ತರುವ ಬದಲು ತಮ್ಮಲ್ಲಿದ್ದ 1.0.1ಇಗೇ ತೇಪೆ ಹಾಕಿ ಕೊಟ್ಟರು. ಅವರ ದೃಷ್ಟಿಯಿಂದ ಅದೇ ಸರಿ, ಗ್ರಾಹಕರಿಗೆ ಬೇರೇನೂ ಬದಲಾಗಬಾರದು. ಆಗ ನಾನಿದ್ದ ಕಂಪನಿಯ ಒಬ್ಬ ಕ್ಲೈಂಟ್, ಹೆಸರು ಬೇಡ, ಆಡಿಟ್ ಟೂಲ್ ಓಡಿಸಿ ಒಂದು ಎಕ್ಸೆಲ್ ಶೀಟ್ ಕಳಿಸಿದರು. ಅದರ ತುಂಬಾ ಕೆಂಪು. ಟೂಲಿಗೆ ಕಂಡದ್ದು 1.0.1ಇ, ಅಂದರೆ ತೂತಿದೆ. 'ತೇಪೆ ಹಾಕಿದೆ, ಪ್ಯಾಕೇಜಿನ ಬಾಲದ ನಂಬರ್ ನೋಡಿ' ಅಂತ ಎರಡು ರಾತ್ರಿ ಕಾಲ್‌ನಲ್ಲಿ ಹೇಳಿದ್ದಾಯಿತು. 'ಸರ್, ಜಿ ಬೇಕು, ನಿಮ್ಮದು ಇ ಇದೆ' ಅನ್ನೋದೊಂದೇ ಮಾತು. ಪ್ಯಾಕೇಜಿನ ನಂಬರಿನಲ್ಲಿ '2014, ಏಪ್ರಿಲ್' ಅಂತ ಎಲ್ಲಾದರೂ ಕಾಣುವಂತಿದ್ದರೆ ಅವರು ಆ ಕಾಲ್ ಮಾಡುತ್ತಲೇ ಇರಲಿಲ್ಲ. ತೂತು ಬಯಲಾದ ದಿನದ ನಂತರದ್ದೋ ಮೊದಲಿನದ್ದೋ ಅನ್ನೋದಷ್ಟೇ ಅವರಿಗೆ ಬೇಕಾಗಿದ್ದದ್ದು.

ಬಳಸುವವನ ಪ್ರಶ್ನೆಯೇ ಅದು. ಇದು ಎಷ್ಟು ಹಳೇದು, ಇನ್ನೆಷ್ಟು ದಿನ ಬರುತ್ತೆ? ನಮ್ಮಪ್ಪ ಸೊಸೈಟಿಯಲ್ಲಿ ಬೀಜದ ಪ್ಯಾಕೆಟ್ ತಗೊಂಡರೆ ಮುಂದೆ ಬರೆದ 'ಸೂಪರ್', 'ಗೋಲ್ಡ್' ಓದಲ್ಲ. ತಿರುಗಿಸಿ ಹಿಂದುಗಡೆ ನೋಡ್ತಾರೆ: ಯಾವಾಗ ಪರೀಕ್ಷೆ ಮಾಡಿದ್ದು, ಯಾವ ತಿಂಗಳವರೆಗೆ ಬಿತ್ತಬಹುದು. ಎರಡು ತಾರೀಖು. ಓದು ನಾಲ್ಕನೇ ಕ್ಲಾಸು. ನಮಗೆ ಬಿಇ ಡಿಗ್ರಿ ಇದೆ, ಸರ್ವರಿನಲ್ಲಿ ಕೂತಿರೋ ಲಾಗ್‌ಫೋರ್‌ಜೆ 1.2ಕ್ಕೆ ಬೆಂಬಲ 2015ರಲ್ಲೇ ನಿಂತಿದೆ ಅಂತ ತಿಳಿಯೋಕೆ 2021ರ ಡಿಸೆಂಬರಿನಲ್ಲಿ ಲೋಕಕ್ಕೆಲ್ಲ ಬೆಂಕಿ ಬೀಳಬೇಕಾಯಿತು. 1.2 ಅನ್ನೋದರಲ್ಲಿ ಅದು ಎಲ್ಲಿ ಕಾಣುತ್ತೆ?

ಉಬುಂಟು ಇದನ್ನ 2004ರಲ್ಲೇ ಮಾಡಿತು. ಮೊದಲ ಬಿಡುಗಡೆಗೆ 1.0 ಅನ್ನಲಿಲ್ಲ, 4.10 ಅಂದರು, 2004ರ ಅಕ್ಟೋಬರ್. 2006ರ ಏಪ್ರಿಲ್‌ಗೆ ಬರಬೇಕಾದದ್ದು ತಡವಾದಾಗ 6.04 ಅಂತ ಹಠ ಹಿಡಿಯದೆ 6.06 ಅಂತ ಬಿಟ್ಟರು. ತಡವಾದದ್ದು ಹಣೆಯ ಮೇಲೇ ಬರೆದಿದೆ. 22.04 ಅಂದ ತಕ್ಷಣ ಐದು ವರ್ಷ ಕೂಡಿಸಿ, 2027ಕ್ಕೆ ಇದರ ಮಾಮೂಲಿ ಬೆಂಬಲ ಮುಗಿಯುತ್ತೆ ಅಂತ ಬೆರಳು ಮಡಚಿ ಹೇಳಬಹುದು. 2018ರಲ್ಲಿ ಪಿಪ್ 10ರಿಂದ 18ಕ್ಕೆ ಹಾರಿತು, 2024ರ ಶುರುವಿನಲ್ಲಿ ಲಿಬ್ರೆಆಫೀಸ್ 7.6ರಿಂದ 24.2 ಆಯಿತು. ಆಫೀಸಿನ ಯಾರದೋ ಲ್ಯಾಪ್‌ಟಾಪಿನಲ್ಲಿ 5.1 ಕಂಡರೆ ಅದು ಎಷ್ಟು ಹಳೇದು ಅಂತ ಯಾರಿಗೂ ಹೊಳೆಯಲ್ಲ. 24.2 ಅಂತಿದ್ದರೆ ಅಕೌಂಟ್ಸ್ ಸೆಕ್ಷನ್ನಿನವರಿಗೂ ಹೊಳೆಯುತ್ತೆ.

ನಂಬರಿನ ಬದಲು ಹೆಸರಿಡೋ ಚಾಳಿಯ ಬಗ್ಗೆ ಒಂದೇ ಮಾತು. ಡೆಬಿಯನ್‌ನ 10, 11, 12ರ ಹೆಸರುಗಳು ಬಸ್ಟರ್, ಬುಲ್ಸ್‌ಐ, ಬುಕ್‌ವರ್ಮ್. ಮೂರೂ ಬಕಾರ. ಯಾವುದು ಮೊದಲು? ನಮ್ಮ ಪಂಚಾಂಗದವರೂ ಸಂವತ್ಸರಕ್ಕೆ ಹೆಸರಿಡ್ತಾರೆ, ಆದರೆ ಕ್ರೋಧಿ ಅಂತ ಬರೆದು ಪಕ್ಕದಲ್ಲೇ ಶಕವರ್ಷ 1946 ಅಂತಲೂ ಹಾಕ್ತಾರೆ. ಅರವತ್ತು ವರ್ಷಕ್ಕೆ ಹೆಸರು ತಿರುಗಿ ಬರುತ್ತೆ ಅನ್ನೋ ಪ್ರಜ್ಞೆ ಅವರಿಗಿದೆ.

ಈಗ ನನ್ನ ಮೇಲೆ ಬೀಳುವ ಕಲ್ಲುಗಳು. 'ತಾರೀಖು ಹಾಕಿದರೆ ಏನು ಒಡೆಯುತ್ತೆ ಅಂತ ಹೇಗೆ ಗೊತ್ತಾಗೋದು ಗುರೂ?' ಈಗ ಹೇಗೆ ಗೊತ್ತಾಗ್ತಿದೆಯೋ ಹಾಗೇ: ಬಿಡುಗಡೆ ಟಿಪ್ಪಣಿ ಓದಿ, ಆವೃತ್ತಿಯನ್ನ ಲಾಕ್ ಫೈಲಿನಲ್ಲಿ ಕಟ್ಟಿಹಾಕಿ, ಟೆಸ್ಟ್ ಓಡಿಸಿ, ಆಮೇಲೆ ಏರಿಸಿ. ಕೊನೇ ಅಂಕಿ ನೋಡಿ ಟೆಸ್ಟ್ ಓಡಿಸದೇ ಪ್ರೊಡಕ್ಷನ್ನಿಗೆ ಹಾಕೋ ಧೈರ್ಯ ನಿಮಗಿದ್ದರೆ ನನಗೆ ಹೇಳಿ, ನಿಮ್ಮ ಆಪ್ ಅನ್‌ಇನ್‌ಸ್ಟಾಲ್ ಮಾಡ್ತೀನಿ. ಟಿಪ್ಪಣಿ ಬರೆಯೋದು ಮಾತ್ರ ಲೇಖಕನ ಕರ್ತವ್ಯ. 'ಈ ಫಂಕ್ಷನ್ ತೆಗೆದಿದ್ದೇವೆ, ಇನ್ನುಮೇಲೆ ರಸ್ಟ್ ಕಂಪೈಲರ್ ಬೇಕು' ಅನ್ನೋ ಒಂದು ಸಾಲು ಯಾವ ಅಂಕಿಗಿಂತಲೂ ಹೆಚ್ಚು ಹೇಳುತ್ತೆ. ಇಂಥ ತಿಂಗಳವರೆಗೆ ನೋಡಿಕೊಳ್ತೀವಿ ಅನ್ನೋದೂ ಅಲ್ಲೇ ಇರಲಿ. ನೋಡಿಕೊಳ್ಳೋಕೆ ಆಗಲ್ಲ ಅಂದರೆ ಹಾಗಂತಲೇ ಬರೀಲಿ, ಯಾರೂ ಜೈಲಿಗೆ ಹಾಕಲ್ಲ.

'ಡಾಕರ್‌ನವರು ತಾರೀಖು ಹಾಕಿ ನೋಡಿ ವಾಪಸ್ ಬಂದರಲ್ಲ?' ನಿಜ. 2017ರಲ್ಲಿ 1.13ರಿಂದ 17.03ಕ್ಕೆ ಹೋದರು, 2023ರಲ್ಲಿ 23.0 ಅಂತ ಮತ್ತೆ ಸೆಮ್‌ವರ್ ಕಡೆ ತಿರುಗಿದರು. ನನ್ನ ವಾದಕ್ಕೆ ಇದು ಮುಳ್ಳೇ. ಆದರೆ ಅವರು ವಾಪಸ್ ಬಂದದ್ದು 2.0ಗೆ ಅಲ್ಲ. ಬರೋಕಾಗಲ್ಲ. ಆಮೇಲೆ ಬಂದ 23, 24, 25 ನೋಡಿ ಅದು ವರ್ಷವೋ ಬರೀ ಎಣಿಕೆಯೋ ಅಂತ ಜನ ತಲೆ ಕೆರೆದುಕೊಂಡರು. ಎರಡು ದೋಣಿಯಲ್ಲಿ ಕಾಲಿಟ್ಟದ್ದಕ್ಕೆ ಅದು ಉದಾಹರಣೆ, ತಾರೀಖಿನ ತಪ್ಪಿಗಲ್ಲ.

'ಮುಗಿದ ಸಾಫ್ಟ್‌ವೇರ್ ಹಳೇದಾಗಿ ಕಾಣುತ್ತೆ' ಅನ್ನೋದು ಮೂರನೇ ಕಲ್ಲು. ಇದರಲ್ಲಿ ಸತ್ಯವಿದೆ. ವರ್ಷಾನುಗಟ್ಟಲೆ ಬಗ್ಗಿಲ್ಲದೆ ಓಡುತ್ತಿರುವ ಪುಟ್ಟ ಟೂಲಿನ ಮೇಲೆ 2018 ಅಂತಿದ್ದರೆ ಹುಡುಗರು ಸತ್ತಿದೆ ಅಂದುಕೊಂಡು ದಾಟಿಹೋಗ್ತಾರೆ. ಡೊನಾಲ್ಡ್ ನೂತ್ ಅವರ ಟೆಕ್‌ಗೆ ಆ ಕಷ್ಟ ಇಲ್ಲ. ಅದರ ನಂಬರ್ ಪ್ರತಿ ರಿಪೇರಿಗೂ ಪೈ ಬೆಲೆಯ ಒಂದೊಂದು ಅಂಕಿ ಸೇರಿಸಿಕೊಳ್ಳುತ್ತಾ 3.14159 ಅಂತ ಉದ್ದವಾಗುತ್ತಿದೆ. ಅವರು ತೀರಿಕೊಂಡ ದಿನ ಪೈ ಅಂತಲೇ ನಿಂತುಬಿಡಬೇಕು, ಆಮೇಲೆ ಉಳಿದ ಬಗ್‌ಗಳೆಲ್ಲ ಸೌಲಭ್ಯಗಳೇ ಅಂತ ಅವರೇ ಹೇಳಿಟ್ಟಿದ್ದಾರೆ. ನೀವು ನೂತ್ ಆಗಿದ್ದರೆ ಖಂಡಿತ ಹಾಗೆ ಮಾಡಿ. ಉಳಿದವರು ವರ್ಷಕ್ಕೊಂದು ಸಲ ಟೆಸ್ಟ್ ಓಡಿಸಿ, ಏನೂ ಬದಲಾಗಿಲ್ಲ ಅಂತ ಒಂದು ಸಾಲು ಬರೆದು, ಹೊಸ ತಾರೀಖಿನ ರಿಲೀಸ್ ಬಿಡಿ. ಬದುಕಿದ್ದೀರಿ ಅಂತ ಜನಕ್ಕೂ ಗೊತ್ತಾಗುತ್ತೆ. ಪೆನ್ಷನ್‌ದಾರರು ವರ್ಷಕ್ಕೊಮ್ಮೆ ಹೋಗಿ ಜೀವನ್ ಪ್ರಮಾಣ್ ಕೊಡಲ್ವಾ?

ಮಾಡೋದಾದರೆ ಬೇಗ ಮಾಡಿ, ಯಾಕಂದ್ರೆ ವರ್ಷನ್ ನಂಬರಿನಲ್ಲಿ ಹತ್ತೋಕೆ ದಾರಿ ಇದೆ, ಇಳಿಯೋಕೆ ಇಲ್ಲ. 0.3ರಿಂದ 2024.6ಕ್ಕೆ ಹೋಗೋದು ಒಂದು ನಿಮಿಷದ ಕೆಲಸ. ಅಲ್ಲಿಂದ 1.0ಗೆ ಬರ್ತೀನಿ ಅಂದರೆ ಲೋಕದ ಎಲ್ಲ ಪ್ಯಾಕೇಜ್ ಮ್ಯಾನೇಜರುಗಳೂ ನಿಮ್ಮದು ಹಳೇದು ಅಂತ ತಳ್ಳಿಹಾಕುತ್ತವೆ. ಡೆಬಿಯನ್ ಇದಕ್ಕೆ ನಂಬರಿನ ಹಿಂದೆ '1:' ಅಂತ ಯುಗದ ಗುರುತು ಹಾಕುವ ವ್ಯವಸ್ಥೆ ಇಟ್ಟಿದೆ, ಆದರೆ ಒಮ್ಮೆ ಹಾಕಿದರೆ ಆ ಪ್ಯಾಕೇಜಿಗೆ ಅದು ಹಚ್ಚೆ, ಮತ್ತೆ ತೆಗೆಯುವಂತಿಲ್ಲ. ಅದಕ್ಕೇ 2024ರ ಮಾರ್ಚಿನಲ್ಲಿ ಎಕ್ಸ್‌ಝಡ್‌ನ 5.6.0, 5.6.1 ಎರಡರಲ್ಲೂ ಯಾರೋ ಕಳ್ಳಬಾಗಿಲು ಇಟ್ಟದ್ದು ಸಿಕ್ಕಿಬಿದ್ದು, ಹಳೇ 5.4.5ಕ್ಕೆ ವಾಪಸ್ ಹೋಗಬೇಕಾದಾಗ, ಡೆಬಿಯನ್‌ನವರು ಯುಗ ಬದಲಿಸಲಿಲ್ಲ. ಪ್ಯಾಕೇಜಿನ ನಂಬರಿನ ಜಾಗದಲ್ಲಿ 5.6.1, ಆಮೇಲೆ ಒಂದು ಕೂಡಿಸುವ ಚಿಹ್ನೆ, ಆಮೇಲೆ ಇಂಗ್ಲಿಷಿನಲ್ಲಿ 'ರಿಯಲಿ' ಅನ್ನೋ ಪದ, ಅದಕ್ಕೆ ಅಂಟಿಕೊಂಡು 5.4.5 ಅಂತ ಬರೆದರು. ಹೊರಗೆ 5.6.1, ಆದರೆ ನಿಜವಾಗಿ ನೋಡಿದರೆ 5.4.5.